ಕರಪತ್ರದ ವೇಗ, ಮನೆಯ ವೇಗ: ಬ್ರಾಡ್‌ಬ್ಯಾಂಡ್ ಬಿಲ್ಲನ್ನು ತಾಳೆ ನೋಡುವ ಬಗೆ

ನಮ್ಮ ಒಂಟಿಕೊಪ್ಪಲಿನ ಹೆಸರು ನಾಡಿನ ಅನೇಕ ಮನೆಗಳಿಗೆ ತಲುಪಿರುವುದು ಪಂಚಾಂಗದ ಮೂಲಕ. ಆ ಪಂಚಾಂಗದಲ್ಲಿ ಸೂರ್ಯೋದಯವನ್ನು ಗಂಟೆ, ನಿಮಿಷಗಳ ಸಹಿತ ಮುದ್ರಿಸಿರುತ್ತಾರೆ. ಸೂರ್ಯನೂ ಆ ಮಾತನ್ನು ತಪ್ಪದೆ ನಡೆಸಿಕೊಡುತ್ತಾನೆ. ಇದೇ ಬಡಾವಣೆಯಲ್ಲಿ ಬೆಳಗಿನ ದಿನಪತ್ರಿಕೆಯನ್ನು ಬಿಡಿಸಿದರೆ ಇನ್ನೊಂದು ಬಗೆಯ ಮುದ್ರಿತ ಭರವಸೆ ಕೆಳಗೆ ಜಾರಿ ಬೀಳುತ್ತದೆ: “100 ಎಂ.ಬಿ.ಪಿ.ಎಸ್. ವರೆಗೆ”, “300 ಎಂ.ಬಿ.ಪಿ.ಎಸ್. ವರೆಗೆ”, “ಅನಿಯಮಿತ”. ಈ ಎರಡನೆಯ ಭರವಸೆ ಎಷ್ಟರ ಮಟ್ಟಿಗೆ ನಡೆಯುತ್ತದೆ, ನಡೆಯದಿದ್ದರೆ ವ್ಯಾಪಾರಸ್ಥರಾದ ನಾವು ಮಾಡಬೇಕಾದುದೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಇದನ್ನು ಬರೆಯಲು ಪ್ರೇರಣೆಯಾದದ್ದು ನನ್ನ ಕಕ್ಷಿದಾರರೊಬ್ಬರ ಅನುಭವ. ಅವರ ಮನೆ ಒಂಟಿಕೊಪ್ಪಲಿನಲ್ಲಿ, ಕಾರ್ಯಾಗಾರ ಮೇಟಗಳ್ಳಿಯಲ್ಲಿ. ಸಣ್ಣ ಪ್ರಮಾಣದಲ್ಲಿ ಯಂತ್ರಭಾಗಗಳನ್ನು ತಯಾರಿಸುತ್ತಾರೆ. ಕಚೇರಿಯ ಕೆಲಸವೆಲ್ಲ ಮನೆಯ ಮುಂಗೋಣೆಯಲ್ಲೇ. ಪುಣೆಯ ಖರೀದಿದಾರರೊಬ್ಬರು ದರಪಟ್ಟಿಯ ಜೊತೆಗೆ ವಿನ್ಯಾಸದ ಕಡತಗಳನ್ನೂ ಮಾದರಿಯ ಪರೀಕ್ಷೆಯ ವಿಡಿಯೊವನ್ನೂ ತಮ್ಮ ಜಾಲತಾಣಕ್ಕೆ ಸಂಜೆ ಆರರೊಳಗೆ ಸೇರಿಸಬೇಕೆಂದು ಕೇಳಿದ್ದರು. ಎಲ್ಲ ಸೇರಿ ಸುಮಾರು 2 ಗಿಗಾಬೈಟ್. ಇಂಥ ಕೆಲಸಕ್ಕೆಂದೇ ಇವರು ಕೆಲವು ತಿಂಗಳ ಹಿಂದೆ 100ರ ಯೋಜನೆಯನ್ನು ಬಿಟ್ಟು 200ರ ಯೋಜನೆಗೆ ಬದಲಾಗಿದ್ದರು. ಆ ದಿನ ನಾಲ್ಕೂವರೆಗೆ ಕಳುಹಿಸಲು ಕುಳಿತರು. ಅರ್ಧ ದಾಟಿದ ಮೇಲೆ ಒಮ್ಮೆ ಸಂಪರ್ಕ ಕಡಿದು ಮೊದಲಿನಿಂದ ಆರಂಭಿಸಬೇಕಾಯಿತು. ನನಗೆ ದೂರವಾಣಿ ಮಾಡಿದಾಗ ಐದೂಮುಕ್ಕಾಲು. “ಸಾರ್, ದುಡ್ಡು ಜಾಸ್ತಿ ಕೊಡ್ತಾ ಇದ್ದೀನಿ, ಫೈಲು ಮಾತ್ರ ಅಲ್ಲೇ ನಿಂತಿದೆ” ಎಂದರು. ಆರು ಗಂಟೆಗೆ ಜಾಲತಾಣ ಮುಚ್ಚಿತು. ಆ ಆರ್ಡರು ಬೇರೆಯವರ ಪಾಲಾಯಿತು.

ಮರುದಿನ ಅವರ ಮನೆಗೆ ಹೋಗಿ, ರೌಟರಿನಿಂದ ನೇರವಾಗಿ ತಂತಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ ವೇಗವನ್ನು ಅಳೆದೆವು. ಡೌನ್‌ಲೋಡ್ ವೇಗ 190ನ್ನು ದಾಟಿತು. ಅಂದರೆ ಕರಪತ್ರ ಸುಳ್ಳು ಹೇಳಿರಲಿಲ್ಲ. ಆದರೆ ಅಪ್‌ಲೋಡ್ ವೇಗ, ಅಂದರೆ ನಮ್ಮಲ್ಲಿಂದ ಹೊರಕ್ಕೆ ಕಳುಹಿಸುವ ವೇಗ, ಕೇವಲ 4ರ ಆಸುಪಾಸಿನಲ್ಲಿತ್ತು. ಕರಪತ್ರದಲ್ಲಿ ಆ ಸಂಖ್ಯೆಯೇ ಇರಲಿಲ್ಲ. ಹೆಚ್ಚಿನ ಹಣ ತೆತ್ತು ಅವರು ಕೊಂಡದ್ದು ತಮಗೆ ಅಷ್ಟಾಗಿ ಬೇಕಿಲ್ಲದ ಸರಕನ್ನು. ಬೇಕಾದ ಸರಕಿನ ಪ್ರಮಾಣ ಮೊದಲಿದ್ದಷ್ಟೇ ಉಳಿದಿತ್ತು.

ಆದುದರಿಂದ “ಜಾಹೀರಾತಿನ ವೇಗ ಸಿಗುತ್ತದೆಯೆ?” ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಸಾಲದು. ಎಲ್ಲಿ ಅಳೆದರೆ, ಯಾವ ಹೊತ್ತಿನಲ್ಲಿ ಅಳೆದರೆ, ಯಾವ ದಿಕ್ಕಿನಲ್ಲಿ ಅಳೆದರೆ ಎಂಬ ಮೂರು ಉಪಪ್ರಶ್ನೆಗಳನ್ನೂ ಕೇಳಬೇಕು.

ಮೊದಲು ಅಳತೆಯ ಮಾತು

ಜಾಹೀರಾತಿನಲ್ಲಿ ಕಾಣುವ ಎಂ.ಬಿ.ಪಿ.ಎಸ್. ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ನಮ್ಮ ಗಣಕಯಂತ್ರದಲ್ಲಿ ಕಡತದ ಗಾತ್ರ ಕಾಣುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹೀಗಾಗಿ 100 ಎಂ.ಬಿ.ಪಿ.ಎಸ್. ಸಂಪರ್ಕದಲ್ಲಿ ಒಂದು ಸೆಕೆಂಡಿಗೆ ಬರುವುದು ಹೆಚ್ಚೆಂದರೆ 12.5 ಮೆಗಾಬೈಟ್. “ನೂರು ಎಂದರು, ಪರದೆಯ ಮೇಲೆ ಹನ್ನೆರಡು ತೋರಿಸುತ್ತಿದೆ” ಎಂದು ದೂರುವವರಲ್ಲಿ ಹಲವರಿಗೆ ಮೋಸವಾಗಿರುವುದಿಲ್ಲ, ಮಾನವಷ್ಟೇ ಬದಲಾಗಿರುತ್ತದೆ. ಸೇರಿನ ಲೆಕ್ಕವನ್ನು ಕಿಲೋಗ್ರಾಮಿನ ತಕ್ಕಡಿಯಲ್ಲಿ ತೂಗಿದಂತೆ.

ಎರಡನೆಯದಾಗಿ, ವೇಗವೆಂಬುದು ದರವೇ ಹೊರತು ಪ್ರಮಾಣವಲ್ಲ. ಒಂದಂಗುಲದ ನಲ್ಲಿಯಿಂದ ಎಷ್ಟು ರಭಸವಾಗಿ ನೀರು ಬರಬಲ್ಲದು ಎಂಬುದು ಬೇರೆ. ಬೀದಿಯವರೆಲ್ಲ ಬೆಳಗ್ಗೆ ಆರಕ್ಕೆ ನಲ್ಲಿ ತಿರುಗಿಸಿದಾಗ ನಿಜವಾಗಿ ಎಷ್ಟು ಬರುತ್ತದೆ ಎಂಬುದು ಬೇರೆ. ವಾಣಿವಿಲಾಸ ನೀರು ಸರಬರಾಜಿನ ಮಗ್ಗುಲಲ್ಲೇ ಬಾಳುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿಯಮಗಳು ನಡೆದು ಬಂದ ದಾರಿ

ನಮ್ಮ ಈ ಭಾಗಕ್ಕೆ ಸಂಪರ್ಕ ಮಾಧ್ಯಮದ ನಂಟು ಹಳೆಯದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ ಮನೆಯಲ್ಲಿ ಸಣ್ಣದೊಂದು ಪ್ರೇಷಕವನ್ನಿಟ್ಟು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದು ಇಲ್ಲಿಯೇ. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೇಶದಲ್ಲಿ ಲಭ್ಯವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದು ಮೋಡೆಮ್ ಕೂಗುತ್ತ ದೂರವಾಣಿ ಮಾರ್ಗವನ್ನೇ ಆಕ್ರಮಿಸಿಕೊಳ್ಳುತ್ತಿತ್ತು.

2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ಡೌನ್‌ಲೋಡ್ ವೇಗವಿದ್ದು ಸದಾ ಚಾಲ್ತಿಯಲ್ಲಿರುವ ಸಂಪರ್ಕವನ್ನು ‘ಬ್ರಾಡ್‌ಬ್ಯಾಂಡ್’ ಎಂದು ಕರೆಯಿತು. 2005ರ ಆರಂಭದಲ್ಲಿ ಬಿ.ಎಸ್.ಎನ್.ಎಲ್.ನ ‘ಡೇಟಾ ಒನ್’ ಬಂದಿತು. ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಿತಿಯಿಲ್ಲದ ಯೋಜನೆಗಳನ್ನು ಪಡೆದು, ಆ ಹೊತ್ತಿಗೆ ಎದ್ದು ತಂತ್ರಾಂಶ ಇಳಿಸಿಕೊಂಡವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ. ಕನಿಷ್ಠ ವೇಗದ ವ್ಯಾಖ್ಯೆ 2013ರಲ್ಲಿ 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಗಮನಿಸಿ: ಕರಪತ್ರಗಳು ನೂರು, ಮುನ್ನೂರು, ಸಾವಿರ ಎನ್ನುತ್ತಿರುವಾಗಲೂ ವ್ಯಾಖ್ಯೆಯ ಪ್ರಕಾರ 2 ಮೆಗಾಬಿಟ್ ಕೊಟ್ಟರೆ ಅದು ಬ್ರಾಡ್‌ಬ್ಯಾಂಡೇ.

ಗುಣಮಟ್ಟದ ವಿಚಾರದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲಿ ಹೊರಡಿಸಿದ ನಿಯಮಾವಳಿ ಮುಖ್ಯವಾದುದು. ಗ್ರಾಹಕನು ಕೊಂಡ ವೇಗದ ಶೇಕಡಾ 80ಕ್ಕಿಂತ ಹೆಚ್ಚು ಸಿಗಬೇಕೆಂದು ಅದು ಹೇಳಿತು. ಆದರೆ ಆ ಅಳತೆ ಸೇವಾದಾತರ ಕೇಂದ್ರದಿಂದ ಗ್ರಾಹಕನವರೆಗಿನ ಹಾದಿಗೆ ಮಾತ್ರ. ಅಲ್ಲಿಂದಾಚೆ ಜಗತ್ತಿನ ಜಾಲತಾಣಗಳವರೆಗಿನ ದಾರಿ ಆ ಶೇಕಡಾ 80ರೊಳಗೆ ಬರಲಿಲ್ಲ. 2009ರಲ್ಲಿ ಪ್ರಾಧಿಕಾರವು ಒಂದೇ ಸಾಮರ್ಥ್ಯವನ್ನು ಎಷ್ಟು ಗ್ರಾಹಕರಿಗೆ ಹಂಚಬಹುದೆಂದೂ ಸೂಚಿಸಿತು: ಮನೆ ಗ್ರಾಹಕರಿಗೆ ಒಂದಕ್ಕೆ ಐವತ್ತು, ವಾಣಿಜ್ಯ ಗ್ರಾಹಕರಿಗೆ ಒಂದಕ್ಕೆ ಮೂವತ್ತು. ಇದನ್ನು ಲೆಕ್ಕ ಹಾಕಿ ನೋಡಿ. 100 ಎಂ.ಬಿ.ಪಿ.ಎಸ್. ಕೊಂಡ ಐವತ್ತು ಮನೆಯವರು ಏಕಕಾಲಕ್ಕೆ ಪೂರ್ತಿ ಬಳಸಲು ಹೊರಟರೆ ಒಬ್ಬೊಬ್ಬರ ಪಾಲಿಗೆ ಬರುವುದು 2! ಎಲ್ಲರೂ ಒಮ್ಮೆಗೇ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಈ ವ್ಯವಹಾರ ನಿಂತಿದೆ. ಬ್ಯಾಂಕುಗಳೂ ಎಲ್ಲ ಠೇವಣಿಯನ್ನು ನಗದಾಗಿ ಇಟ್ಟುಕೊಂಡಿರುವುದಿಲ್ಲವಲ್ಲ! ಅದು ತಪ್ಪಲ್ಲ, ಆದರೆ ಠೇವಣಿದಾರನಿಗೆ ಅದರ ಅರಿವಿರಬೇಕು.

ಬಳಕೆಯ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆಂಬುದನ್ನು ಗ್ರಾಹಕರಿಗೆ ಸ್ಪಷ್ಟಪಡಿಸಬೇಕೆಂದು 2012ರಲ್ಲಿಯೂ, ಹಾಗೆ ಇಳಿದಾಗಲೂ ಅದು 512 ಕಿಲೋಬಿಟ್‌ಗಿಂತ ಕೆಳಗಿರಬಾರದೆಂದು 2016ರಲ್ಲಿಯೂ ಟ್ರಾಯ್ ನಿರ್ದೇಶನ ನೀಡಿತು. 2024ರ ಆಗಸ್ಟ್‌ನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಹೊಸ ನಿಯಮಾವಳಿಯು ಹಳೆಯವನ್ನು ತೆಗೆದು, ದೂರವಾಣಿ, ಮೊಬೈಲ್, ಬ್ರಾಡ್‌ಬ್ಯಾಂಡ್ ಸೇವೆಗಳ ಗುಣಮಟ್ಟವನ್ನು ಒಂದೇ ಚೌಕಟ್ಟಿಗೆ ತಂದಿತು.

‘ವರೆಗೆ’ ಎಂಬ ಪುಟ್ಟ ಪದ

ನಮ್ಮ ಸದಸ್ಯರೊಬ್ಬರು ತಮ್ಮ ದಿನಸಿ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣದ ಮೇಲೆ “1 ಕಿಲೋಗ್ರಾಂ ವರೆಗೆ” ಎಂದು ಮುದ್ರಿಸಿ ಮಾರಿದರೆ ಏನಾದೀತು? ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮರುದಿನವೇ ಬಾಗಿಲಿಗೆ ಬಂದಾರು. ತಕ್ಕಡಿಗೂ ಬೊಟ್ಟಿಗೂ ನಿಗದಿತ ಅವಧಿಗೊಮ್ಮೆ ಮುದ್ರೆ ಹಾಕಿಸುವವರು ನಾವು. ನಿವ್ವಳ ತೂಕ ಕಡಿಮೆಯಿದ್ದರೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ದಂಡ ಕಟ್ಟುವವರೂ ನಾವೇ. ಅಂತರ್ಜಾಲದ ವೇಗವನ್ನು ಕೊಳ್ಳುವಾಗ ಮಾತ್ರ ‘ವರೆಗೆ’ ಎಂಬ ಪದವನ್ನು ನಾವು ಪ್ರಶ್ನೆಯಿಲ್ಲದೆ ಒಪ್ಪುತ್ತೇವೆ.

ಇತರ ದೇಶಗಳು ಈ ಪದವನ್ನು ಕಟ್ಟಿಹಾಕಿದ ಬಗೆ ಗಮನಾರ್ಹ. ಬ್ರಿಟನ್ನಿನಲ್ಲಿ ಮೊದಲು ನೂರಕ್ಕೆ ಹತ್ತು ಗ್ರಾಹಕರಿಗೆ ಸಿಕ್ಕರೆ ಸಾಕು, ಆ ವೇಗವನ್ನು ‘ವರೆಗೆ’ ಎಂದು ಜಾಹೀರಾತಿನಲ್ಲಿ ಹಾಕಬಹುದಿತ್ತು. 2018ರ ಮೇ ತಿಂಗಳಿನಿಂದ ಅಲ್ಲಿನ ಜಾಹೀರಾತು ನಿಯಮ ಬದಲಾಯಿತು: ರಾತ್ರಿ ಎಂಟರಿಂದ ಹತ್ತರವರೆಗಿನ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ದೊರೆಯುವ ವೇಗವನ್ನು ಮಾತ್ರ ‘ಸರಾಸರಿ’ ಎಂದು ಹೇಳಬೇಕು. ಆಸ್ಟ್ರೇಲಿಯದಲ್ಲಿ ಸಂಜೆ ಏಳರಿಂದ ಹನ್ನೊಂದರ ನಡುವಿನ ‘ಸಾಮಾನ್ಯ ಸಂಜೆಯ ವೇಗ’ವನ್ನು ಪ್ರಕಟಿಸುವ ಪದ್ಧತಿ ಬಂದಿದೆ. ಅಮೆರಿಕದಲ್ಲಿ 2024ರಿಂದ ಆಹಾರದ ಪೊಟ್ಟಣದ ಮೇಲಿನ ಪೋಷಕಾಂಶ ಪಟ್ಟಿಯಂಥದೇ ಒಂದು ಚೀಟಿಯಲ್ಲಿ ದರ, ವೇಗ, ಬಳಕೆ ಮಿತಿಗಳನ್ನು ತೋರಿಸಬೇಕಾಗಿದೆ.

ನಮ್ಮಲ್ಲಿಯೂ ಕಾನೂನು ಬರಿಗೈಯಲ್ಲಿ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ದಾರಿ ತಪ್ಪಿಸುವ ಜಾಹೀರಾತನ್ನು ವ್ಯಾಖ್ಯಾನಿಸಿದೆ. ಅಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಬಾರಿ 10 ಲಕ್ಷ ರೂಪಾಯಿಯವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳ ಪ್ರಕಾರ ಷರತ್ತಿನ ಸಾಲು ಜಾಹೀರಾತಿನ ಮುಖ್ಯ ಹೇಳಿಕೆಯನ್ನೇ ಅಲ್ಲಗಳೆಯುವಂತಿರಬಾರದು. ಮುಖ್ಯ ಹೇಳಿಕೆಯ ಭಾಷೆಯಲ್ಲಿಯೇ, ಅದೇ ಅಕ್ಷರ ರೂಪದಲ್ಲಿಯೇ ಇರಬೇಕು. ಕನ್ನಡದಲ್ಲಿ ವೇಗವನ್ನು ಸಾರಿ, ಅಡಿಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಷರತ್ತು ಹಾಕಿದ ಕರಪತ್ರ ತಮ್ಮ ಕೈಗೆ ಬಂದರೆ ಅದನ್ನು ಎಸೆಯಬೇಡಿ, ಕಡತದಲ್ಲಿಡಿ.

ವೇಗ ಸೋರುವ ಜಾಗಗಳು

ಹಣ ಸೋರಿದಾಗ ಲೆಕ್ಕಪರಿಶೋಧಕನು ಮೊದಲು ಮನೆಯೊಳಗೇ ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ.

ಮೊದಲ ಸೋರಿಕೆ ವೈ-ಫೈಯದು. ನಮ್ಮ ಬಡಾವಣೆಯ ಹಳೆಯ ಮನೆಗಳ ಗೋಡೆಗಳು ಗಾರೆಯವು, ಒಂದೂವರೆ ಅಡಿ ದಪ್ಪದವು. ನನ್ನ ಮನೆಯಲ್ಲಿ ರೌಟರು ಹಜಾರದಲ್ಲಿದ್ದು, ಎರಡು ಗೋಡೆಗಳಾಚೆಯ ಕಚೇರಿ ಕೋಣೆಯಲ್ಲಿ ನೂರರ ಯೋಜನೆ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು. ಅದೇ ಹೊತ್ತಿನಲ್ಲಿ ರೌಟರಿಗೆ ತಂತಿ ಜೋಡಿಸಿದರೆ ತೊಂಬತ್ತನ್ನು ದಾಟುತ್ತಿತ್ತು. ವರ್ಷಗಟ್ಟಲೆ ಸೇವಾದಾತರನ್ನು ಶಪಿಸಿದ್ದೆ. ಅದರಲ್ಲಿ ಬಹುಪಾಲು ನನ್ನ ತಾತನ ಕಾಲದ ಗೋಡೆಗೆ ಸಲ್ಲಬೇಕಾದುದಾಗಿತ್ತು! ವೈ-ಫೈಯಲ್ಲಿ 2.4 ಗಿಗಾಹರ್ಟ್ಜ್ ತರಂಗವು ದೂರಕ್ಕೆ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರ ತರಂಗಗಳೂ ಅಲ್ಲಿಯೇ ಕಿಕ್ಕಿರಿದಿರುತ್ತವೆ. 5 ಗಿಗಾಹರ್ಟ್ಜ್ ವೇಗವಾದುದು, ಆದರೆ ಗೋಡೆ ದಾಟುವಷ್ಟರಲ್ಲಿ ಕುಗ್ಗುತ್ತದೆ.

ಎರಡನೆಯದು ಉಪಕರಣಗಳದು. ಹಳೆಯ ಗಣಕಯಂತ್ರ ಅಥವಾ ಹಳೆಯ ರೌಟರಿನ ತಂತಿಕಿಂಡಿಯ ಸಾಮರ್ಥ್ಯವೇ 100 ಎಂ.ಬಿ.ಪಿ.ಎಸ್. ಆಗಿದ್ದರೆ, 300ರ ಯೋಜನೆಗೆ ಹಣ ಕಟ್ಟಿದರೂ ಆ ಕಿಂಡಿಯಲ್ಲಿ ತೊಂಬತ್ತೈದರ ಆಸುಪಾಸಿಗಿಂತ ಹೆಚ್ಚು ಬರಲಾರದು. ಲಾರಿ ದೊಡ್ಡದಾಯಿತು, ಗೋದಾಮಿನ ಬಾಗಿಲು ಹಳೆಯದೇ ಉಳಿಯಿತು ಎಂಬಂತೆ.

ಮೂರನೆಯದು ಬೀದಿಯದು. ಈಗ ಮನೆಗಳಿಗೆ ಬರುವ ಫೈಬರ್ ಸಂಪರ್ಕಗಳಲ್ಲಿ ಬಹುಪಾಲು ಜಿ-ಪಾನ್ ಎಂಬ ತಂತ್ರಜ್ಞಾನದವು. ಒಂದು ಮೂಲ ಎಳೆಯ ಡೌನ್‌ಲೋಡ್ ಸಾಮರ್ಥ್ಯ ಸುಮಾರು 2,488 ಎಂ.ಬಿ.ಪಿ.ಎಸ್. ಅದನ್ನು ಕಂಬದ ಮೇಲಿನ ಪೆಟ್ಟಿಗೆಗಳಲ್ಲಿ 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತಾರೆ. 64 ಮನೆಗಳಿಗೆ ಸಮನಾಗಿ ಹಂಚಿದರೆ ತಲಾ 39ಕ್ಕಿಂತ ಸ್ವಲ್ಪ ಕಡಿಮೆ. ಮಧ್ಯಾಹ್ನ ಮೂರಕ್ಕೆ ನೂರು ತೋರಿಸುವ ಸಂಪರ್ಕ, ಎಲ್ಲರೂ ಮನೆ ಸೇರಿ ಕ್ರಿಕೆಟ್ ಪಂದ್ಯ ಹಾಕಿಕೊಂಡ ರಾತ್ರಿ ಒಂಬತ್ತಕ್ಕೆ ತಗ್ಗುವುದಕ್ಕೆ ಇಂಥ ಹಂಚಿಕೆಯೇ ಮುಖ್ಯ ಕಾರಣ. ಸೇವಾದಾತರು ನಗರದಿಂದ ಹೊರಕ್ಕೆ ಕೊಂಡಿರುವ ಸಾಮರ್ಥ್ಯ ಕಡಿಮೆಯಿದ್ದರೂ ಇದೇ ಪರಿಣಾಮ.

ನಾಲ್ಕನೆಯದು ಆಚೆ ದಡದ್ದು. ಇಪ್ಪತ್ತನೆಯ ತಾರೀಖಿನಂದು ಜಿ.ಎಸ್.ಟಿ. ಜಾಲತಾಣ ತಡಬಡಿಸಿದರೆ ಅದಕ್ಕೆ ಮನೆಯ ಸಂಪರ್ಕ ಹೊಣೆಯಲ್ಲ. ದೇಶದ ವರ್ತಕರೆಲ್ಲ ಒಂದೇ ಬಾಗಿಲಲ್ಲಿ ನಿಂತಿರುತ್ತಾರೆ. ಅಂಥ ದಿನ ಯೋಜನೆಯನ್ನು ಇಮ್ಮಡಿಗೊಳಿಸಿದರೂ ಒಂದು ನಿಮಿಷವೂ ಉಳಿಯದು. ಅದಕ್ಕೆ ಮದ್ದು ಹದಿನೈದರೊಳಗೆ ಲೆಕ್ಕ ಮುಗಿಸುವುದೊಂದೇ, ಈ ಮಾತನ್ನು ನನ್ನ ಕಕ್ಷಿದಾರರು ಎಷ್ಟು ಬಾರಿ ಕೇಳಿದ್ದಾರೋ!

ಬರುವ ವೇಗ, ಹೋಗುವ ವೇಗ

ಮೇಟಗಳ್ಳಿಯ ಆ ಮಿತ್ರರ ವಿಷಯಕ್ಕೆ ಮರಳೋಣ. 2 ಗಿಗಾಬೈಟ್ ಎಂದರೆ ಸುಮಾರು 16,000 ಮೆಗಾಬಿಟ್. ಸೆಕೆಂಡಿಗೆ 4ರಂತೆ ಕಳುಹಿಸಿದರೆ 4,000 ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ. ಮಧ್ಯೆ ಒಮ್ಮೆ ಕಡಿದರೆ ಮತ್ತೆ ಅಷ್ಟೇ. ಅಪ್‌ಲೋಡ್ ವೇಗ 20 ಇದ್ದಿದ್ದರೆ ಹದಿನಾಲ್ಕು ನಿಮಿಷದೊಳಗೆ ಮುಗಿಯುತ್ತಿತ್ತು. 100ರಿಂದ 200ಕ್ಕೆ ಏರಿಸಿದ್ದರಿಂದ ಈ ಲೆಕ್ಕದಲ್ಲಿ ಒಂದು ಸೆಕೆಂಡೂ ಕಡಿಮೆಯಾಗಲಿಲ್ಲ.

ಮನೆ ಯೋಜನೆಗಳು ಮೂಲತಃ ನೋಡುವವರಿಗಾಗಿ, ಕೇಳುವವರಿಗಾಗಿ ರೂಪುಗೊಂಡವು. ತಯಾರಕನು ಕಳುಹಿಸುವವನು. ವಿನ್ಯಾಸ, ಛಾಯಾಚಿತ್ರ, ಕಣ್ಗಾವಲು ಕ್ಯಾಮೆರಾದ ದೃಶ್ಯ, ಟ್ಯಾಲಿ ಲೆಕ್ಕದ ದೂರಸ್ಥ ಪ್ರತಿ, ವಿಡಿಯೊ ಸಭೆಯಲ್ಲಿನ ತನ್ನ ಮುಖ, ಇವೆಲ್ಲ ಹೋಗುವ ದಿಕ್ಕಿನವು. ಬರುವ, ಹೋಗುವ ವೇಗಗಳೆರಡೂ ಸಮನಾಗಿರುವ ಯೋಜನೆಗಳೂ ಮಾರುಕಟ್ಟೆಯಲ್ಲಿವೆ. ಆದುದರಿಂದ ಯೋಜನೆ ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ: “ಅಪ್‌ಲೋಡ್ ಎಷ್ಟು? ಬರವಣಿಗೆಯಲ್ಲಿ ಕೊಡಿ.”

ಹೆಚ್ಚಿನ ವೇಗ ನಿಜಕ್ಕೂ ಬೇಕೆ?

ಒಂದು ಸ್ಫುಟವಾದ ಚಲನಚಿತ್ರ ವೀಕ್ಷಣೆಗೆ ಸುಮಾರು 5 ಎಂ.ಬಿ.ಪಿ.ಎಸ್. ಸಾಕು. ಅತಿ ಸ್ಫುಟವಾದ ದೊಡ್ಡ ಪರದೆಗೆ 15ರಿಂದ 25. ವಿಡಿಯೊ ಸಭೆಗೆ 3ರಿಂದ 4. ಮಗಳು ಒಂದು ಕೋಣೆಯಲ್ಲಿ ಪಾಠ, ತಾಯಿ ಇನ್ನೊಂದರಲ್ಲಿ ಧಾರಾವಾಹಿ, ಯಜಮಾನರು ಮುಂಗೋಣೆಯಲ್ಲಿ ಸಭೆ ನಡೆಸಿದರೂ ಇಪ್ಪತ್ತು ದಾಟುವುದು ಅಪರೂಪ. 2019ರಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯು ಪ್ರಿನ್ಸ್‌ಟನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರ ನೆರವಿನಿಂದ ತನ್ನ 53 ಪತ್ರಕರ್ತರ ಮನೆಗಳ ಬಳಕೆಯನ್ನು ಅಳೆದಾಗ ಕಂಡದ್ದೂ ಇದೇ: ಹೆಚ್ಚು ವೇಗದ ಯೋಜನೆ ಕೊಂಡವರು ಆ ವೇಗದ ಸಣ್ಣದೊಂದು ಭಾಗವನ್ನು ಮಾತ್ರ ಬಳಸುತ್ತಿದ್ದರು.

ನಾವು ಹತ್ತು ಟನ್ನಿನ ಲಾರಿಯನ್ನು ಬಾಡಿಗೆಗೆ ಹಿಡಿದು ನಾಲ್ಕು ಮೂಟೆ ಸಾಗಿಸುವುದಿಲ್ಲ. ಅಂತರ್ಜಾಲದಲ್ಲಿ ಮಾತ್ರ ಅದನ್ನೇ ಮಾಡಿ, ಮೂಟೆ ಬೇಗ ತಲುಪಲಿಲ್ಲವೆಂದು ಇನ್ನೂ ದೊಡ್ಡ ಲಾರಿ ಕೇಳುತ್ತೇವೆ.

ಲೆಕ್ಕದ ಪುಸ್ತಕದಲ್ಲಿ

ಬಹುಪಾಲು ಸಣ್ಣ ಉದ್ಯಮಿಗಳು ಮನೆ ಯೋಜನೆಯನ್ನು ವೈಯಕ್ತಿಕ ಹೆಸರಿನಲ್ಲಿ ಪಡೆಯುತ್ತಾರೆ. ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಇರುವುದಿಲ್ಲ, ಆದುದರಿಂದ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಒಂದು ಉದಾಹರಣೆ ನೋಡೋಣ. ತಿಂಗಳಿಗೆ 999 ರೂಪಾಯಿಯ ಮನೆ ಯೋಜನೆಗೆ ಶೇಕಡಾ 18ರ ತೆರಿಗೆ ಸೇರಿ ನೀವು ತೆರುವುದು 1,178 ರೂಪಾಯಿ 82 ಪೈಸೆ. ಪೂರ್ತಿ ನಿಮ್ಮದೇ ಖರ್ಚು. 1,100 ರೂಪಾಯಿಯ ವಾಣಿಜ್ಯ ಯೋಜನೆಗೆ ತೆರಿಗೆ ಸೇರಿ 1,298 ಆದರೂ, ಸಂಪೂರ್ಣ ವ್ಯವಹಾರಕ್ಕೇ ಬಳಸುವುದಾದರೆ 198 ರೂಪಾಯಿ ಜಮೆಯಾಗಿ, ನಿಜವಾದ ಖರ್ಚು 1,100 ಮಾತ್ರ. ದುಬಾರಿಯಂತೆ ಕಂಡದ್ದೇ ಅಗ್ಗವಾಯಿತು! ಮನೆಯವರೂ ಬಳಸುವುದಾದರೆ ಆ ಪಾಲಿನ ಜಮೆಯನ್ನು ಬಿಡಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಅನುಕೂಲ ಇಲ್ಲ.

ಇನ್ನೊಂದು ಸೂಕ್ಷ್ಮವನ್ನೂ ತಿಳಿದಿರಬೇಕು. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ಅಲ್ಲದೆ, ಎಷ್ಟೋ ಮನೆ ಯೋಜನೆಗಳ ಕರಾರಿನಲ್ಲಿ ‘ವಾಸದ ಬಳಕೆಗೆ ಮಾತ್ರ’ ಎಂಬ ಷರತ್ತಿರುತ್ತದೆ. ಮನೆ ಯೋಜನೆಯಲ್ಲಿ ಕಾರ್ಖಾನೆಯ ಕಚೇರಿ ನಡೆಸುವವನು ವಿವಾದ ಬಂದಾಗ ಎರಡೂ ಕಡೆಯಿಂದ ಸಿಕ್ಕಿಬೀಳಬಹುದು. ವಾಣಿಜ್ಯ ಯೋಜನೆ ಪಡೆದವನು ತನ್ನ ರಕ್ಷಣೆಯನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು: ದುರಸ್ತಿಗೆ ಎಷ್ಟು ಗಂಟೆ, ತಪ್ಪಿದರೆ ಎಷ್ಟು ಕಡಿತ.

ಸದಸ್ಯರಿಗೆ ಕೆಲವು ಸಲಹೆಗಳು

1. ತಂತಿಯಿಂದ ಅಳೆಯಿರಿ. ರೌಟರಿಗೆ ನೇರ ತಂತಿ ಜೋಡಿಸಿ, ಇತರ ಉಪಕರಣಗಳನ್ನು ನಿಲ್ಲಿಸಿ ಪರೀಕ್ಷಿಸಿ. ಇದು ಸೇವಾದಾತರು ನಿಮ್ಮ ಬಾಗಿಲಿಗೆ ತಲುಪಿಸಿದ ಸರಕು. ನಂತರ ವೈ-ಫೈಯಲ್ಲಿ ಅಳೆಯಿರಿ. ಎರಡರ ಅಂತರ ನಿಮ್ಮ ಮನೆಯ ಸೋರಿಕೆ. ಟ್ರಾಯ್ ಸಂಸ್ಥೆಯ ‘ಮೈಸ್ಪೀಡ್’ ತಂತ್ರಾಂಶ 2016ರಿಂದ ಇದೆ. ಇತರ ಪರೀಕ್ಷಾ ತಾಣಗಳೂ ಇವೆ.

2. ಹೊತ್ತು ಹೊತ್ತಿಗೆ ಅಳೆಯಿರಿ. ಬೆಳಗ್ಗೆ ಹತ್ತು, ಸಂಜೆ ಐದು, ರಾತ್ರಿ ಒಂಬತ್ತು, ಹೀಗೆ ಹದಿನೈದು ದಿನ ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಡೌನ್‌ಲೋಡ್, ಅಪ್‌ಲೋಡ್ ಬರೆಯಿರಿ. ಒಂದು ದಿನದ ದೂರಿಗೆ ಬೆಲೆಯಿಲ್ಲ. ಹದಿನೈದು ದಿನದ ಖಾತೆಗೆ ಇದೆ.

3. ಪರೀಕ್ಷಾ ತಾಣದ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಅದು ಹತ್ತಿರದ, ಎಷ್ಟೋ ಬಾರಿ ಸೇವಾದಾತರ ಜಾಲದೊಳಗಿನ ಯಂತ್ರದವರೆಗೆ ಮಾತ್ರ ಅಳೆಯುತ್ತದೆ. ನೀವು ನಿಜವಾಗಿ ಬಳಸುವ ತಾಣಕ್ಕೆ ಒಂದು ಕಡತವನ್ನು ಕಳುಹಿಸಿ ಗಡಿಯಾರ ನೋಡುವುದು ಅದಕ್ಕಿಂತ ಪ್ರಾಮಾಣಿಕ ಪರೀಕ್ಷೆ.

4. ಯೋಜನೆ ಏರಿಸುವ ಮೊದಲು ಮನೆ ಸರಿಪಡಿಸಿ. ಕಚೇರಿ ಕೋಣೆಗೆ ಒಂದು ತಂತಿ ಎಳೆಸಲು ಒಮ್ಮೆ ಆಗುವ ಖರ್ಚು, ತಿಂಗಳು ತಿಂಗಳೂ ತೆರುವ ಹೆಚ್ಚುವರಿ ಬಾಡಿಗೆಗಿಂತ ಬೇಗ ತೀರುತ್ತದೆ. ವಿದ್ಯುತ್ ಹೋದಾಗ ರೌಟರಿಗೂ ಫೈಬರ್ ಪೆಟ್ಟಿಗೆಗೂ ಬ್ಯಾಟರಿ ಆಸರೆ ಇರಲಿ.

5. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ಪರಿಹಾರ ತೃಪ್ತಿಕರವಲ್ಲದಿದ್ದರೆ ಸೇವಾದಾತರದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

6. ಗಡುವಿರುವ ಕೆಲಸವನ್ನು ಒಂದೇ ಸಂಪರ್ಕದ ಮೇಲೆ ಬಿಡಬೇಡಿ. ಮೊಬೈಲ್ ಸಂಪರ್ಕವನ್ನು ಎರಡನೆಯ ದಾರಿಯಾಗಿ ಮೊದಲೇ ಸಿದ್ಧಪಡಿಸಿ, ಒಮ್ಮೆ ಪ್ರಯೋಗಿಸಿ ನೋಡಿ.

ಕೊನೆಯದಾಗಿ

ಸೇವಾದಾತರೆಲ್ಲ ಮೋಸಗಾರರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. 256 ಕಿಲೋಬಿಟ್‌ನ ಕಾಲದಲ್ಲಿ 5 ಮೆಗಾಬೈಟಿನ ಒಂದು ಕಡತಕ್ಕೆ ಎರಡೂವರೆ ನಿಮಿಷ ಕಾದವರು, ಇಂದು ಅದು ಅರ್ಧ ಸೆಕೆಂಡಿನೊಳಗೆ ಬರುವುದನ್ನು ಕಂಡು ಕೃತಜ್ಞರಾಗಿರಲೂ ಬೇಕು. ಆದರೆ ಪ್ರತಿ ತಿಂಗಳು ಬ್ಯಾಂಕಿನ ಪಟ್ಟಿಯನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವ ವರ್ತಕನು, ಅಂತರ್ಜಾಲದ ಬಿಲ್ಲನ್ನು ಮಾತ್ರ ತಾಳೆ ನೋಡದೆ ಕಟ್ಟುವುದು ವಿಚಿತ್ರ. ನಮ್ಮ ಸದಸ್ಯರಲ್ಲಿ ನೂರು ಮಂದಿ ಹದಿನೈದು ದಿನ ಅಳೆದು ಬರೆದಿಟ್ಟರೆ, ಬಡಾವಣೆವಾರು ಸಂಜೆಯ ವೇಗವನ್ನು ಪ್ರಕಟಿಸಿರೆಂದು ಸೇವಾದಾತರನ್ನು ಕೇಳುವ ಆಧಾರ ನಮ್ಮ ಸಂಸ್ಥೆಯ ಕೈಯಲ್ಲಿರುತ್ತದೆ.

ಮೇಟಗಳ್ಳಿಯ ಮಿತ್ರರು ಈಗ 100ರ ಯೋಜನೆಗೆ ಮರಳಿದ್ದಾರೆ. ಆದರೆ ಈ ಬಾರಿ ಬರುವ, ಹೋಗುವ ವೇಗಗಳೆರಡೂ 100 ಇರುವ ವಾಣಿಜ್ಯ ಯೋಜನೆ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆಯ ಸಹಿತ. ಕೈಬಿಟ್ಟ ಆರ್ಡರು ಮರಳಿ ಬರಲಿಲ್ಲ. ಮುಂದಿನ ದರಪಟ್ಟಿಯನ್ನು ಅವರು ಗಡುವಿನ ಹಿಂದಿನ ದಿನ ಬೆಳಗ್ಗೆ ಕಳುಹಿಸಿ, ತಲುಪಿದ ರಸೀದಿಯ ಪ್ರತಿಯನ್ನು ನನಗೂ ಕಳುಹಿಸಿದರು.